ಕಂಡಷ್ಟೇ ಬರಿ

ಮಕ್ತಲ್
13 ಜನವರಿ 2024

ಅಖಿಲ ಮಕ್ತಲ್–ಗದ್ವಾಲ ನಕ್ಷತ್ರ ಮಹಾಸಭೆಯ ಘನ ಅಧ್ಯಕ್ಷರೇ, ವೇದಿಕೆ ಇದ್ದಿದ್ದರೆ ಅದರ ಮೇಲೆ ಕೂತಿರುತ್ತಿದ್ದ ಗಣ್ಯರೇ, ಹಿಂದಿನ ಸಾಲಿನಲ್ಲಿ ಆಕಳಿಸುತ್ತಿರುವ ಮಹನೀಯರೇ, ಕರೆಂಟು ಹೋದಾಗ ಮಾತ್ರ ಹಾಜರಾಗುವ ಅಭಿಮಾನಿ ದೇವರುಗಳೇ,

ಸಭೆಯ ಒಟ್ಟು ಸದಸ್ಯರು ಇಬ್ಬರು. ಅಧ್ಯಕ್ಷರಾದ ತಾವು ಗದ್ವಾಲದಲ್ಲಿ ಮಂಚದ ಮೇಲೆ, ಕಾರ್ಯದರ್ಶಿಯಾದ ನಾನು ಮಕ್ತಲದಲ್ಲಿ ಮಾಳಿಗೆಯ ಮೇಲೆ. ಕೋರಂ ಇದೆ ಎಂದು ಭಾವಿಸಿ ವರದಿ ಒಪ್ಪಿಸುತ್ತೇನೆ.

ಅಯ್ಯಾರ, ಶರಣು. ಮೊನ್ನೆ ಅಮಾವಾಸ್ಯೆಗೆ ನಿಮ್ಮ ದುರ್ಬೀನಿನಲ್ಲಿ ನೋಡಿ ಆಂಡ್ರೊಮಿಡಾ ಗೆಲಾಕ್ಸಿ ಬರೆದೆ. ನಮ್ಮ ನೂರಾಹತ್ತರ ಪಟ್ಟಿಯಲ್ಲಿ ಇದು ಅರವತ್ತೆಂಟನೆಯದು. ಚಿತ್ರ ಇದರೊಳಗಿದೆ. ಎಂದಿನಂತೆ ಬಿಳಿ ಹಾಳೆಯೇ ಕತ್ತಲು, ಪೆನ್ಸಿಲಿನ ಕಪ್ಪೇ ಬೆಳಕು. ಕಳೆದ ಸಲ ಅಂಚೆ ಕಚೇರಿಯ ಕುರುಮಯ್ಯ ಲಕೋಟೆಯನ್ನು ದೀಪಕ್ಕೆ ಹಿಡಿದು, ‘ಏನ್ರೀ, ಮಸಿ ಒರೆಸಿದ ಕಾಗದಕ್ಕ ಸ್ಟಾಂಪ್ ಹಚ್ಚೀರಿ?’ ಎಂದು ಕೇಳಿದ. ಎರಡು ಗಂಟೆ ಕೂತು ಒರೆಸಿದ್ದೇನೆ ಎಂದೆ. ಇನ್ನೂ ಕನಿಕರ ಬಂತು ಅವನಿಗೆ.

ಫೋನಿನಲ್ಲಿ ಫೋಟೋ ಕಳಿಸಿದರೆ ಆ ಬೂದು ಬಣ್ಣವೆಲ್ಲ ಕೆಸರಾಗುತ್ತದೆ. ಮಾತಾಡೋಣವೆಂದರೆ ಬೇರೆ ಅಣೆಕಟ್ಟುಗಳಲ್ಲೂ ಕೊನೆಗೆ ಜೂರಾಲದಲ್ಲೂ ಟರ್ಬೈನುಗಳ ಪಕ್ಕ ಮೂವತ್ತು ವರ್ಷ ನಿಂತು ನೀವು ಕಿವಿಯನ್ನು ಅಲ್ಲೇ ಬಿಟ್ಟು ಬಂದಿದ್ದೀರಿ. ಆದ್ದರಿಂದ ಈ ಕಾಲದಲ್ಲೂ ಕಾಗದ ಬರೆಯುವ ಇಬ್ಬರು ಮೂರ್ಖರು ಈ ಭಾಗದಲ್ಲಿ ಉಳಿದಿದ್ದಾರೆ.

ಒಂದು ಕೊರತೆ. ಆಂಡ್ರೊಮಿಡಾದ ಪಕ್ಕ ಎರಡು ಸಣ್ಣ ಗೆಲಾಕ್ಸಿಗಳಿರಬೇಕಲ್ಲ. ಈ ಸಲ ಒಂದೇ ಕಂಡಿತು. ಹೈವೇಗೆ ಹೊಸ ದೀಪ ಹಾಕಿದ್ದಾರೆ, ಅದರ ಪ್ರತಾಪ ಇರಬೇಕು. ಕಾಣದ್ದನ್ನು ಬರೆದಿಲ್ಲ. ಬದಲಿಗೆ ಪ್ರಾಸ ಬರೆದಿದ್ದೇನೆ:

ಅಕ್ಕ ಬಂದಳು, ತಂಗಿಯ ಮನೆಯಲ್ಲೆ ಬಿಟ್ಟು;
ಹೈವೇ ದೀಪಕ್ಕೆ ನಾಚಿಕೆ ಪಟ್ಟು.

ಗೋಡೆ ಬರೆಯುವ ಕೆಲಸ ನಡೆದಿದೆ. ಕನ್ನಡ ಮಾಧ್ಯಮದ ಬಿ.ಎ.ಗೆ ತೆಲಂಗಾಣದಲ್ಲಿ ಸಿಗುವ ಗೌರವ ನಿಮಗೆ ಗೊತ್ತು: ಅಂಗಡಿಯ ಹೆಸರು ಮೇಲೆ ತೆಲುಗಿನಲ್ಲಿ ದೊಡ್ಡದಾಗಿ, ಕೆಳಗೆ ಕನ್ನಡದಲ್ಲಿ, ಜಾಗ ಉಳಿದರೆ. ನಮ್ಮ ಮನೆಯಾಕೆ ಪದ್ಮಶ್ರೀ ನಿಮ್ಮ ಮನೆಯ ಚನ್ನವೀರಮ್ಮ ಅಕ್ಕನವರಿಗೆ ಶರಣು ಹೇಳಿದ್ದಾಳೆ.

ತಮ್ಮ
ಕಾಂತೇಶ


ಗದ್ವಾಲ
29 ಜನವರಿ 2024

ಕಾಂತೇಶ, ಶರಣು.

ಚಿತ್ರ ಬಂತು. ಕೈ ನಡಗತೈತಿ, ಅದಕ್ಕ ಅಕ್ಷರ ಹಿಂಗ. ಲಕೋಟಿ ಮ್ಯಾಲಿನ ಅಕ್ಷರ ನಿನ್ನ ಅಕ್ಕಂದು.

ನನ್ನ ಹಳೇ ಚಿತ್ರದ ಪುಸ್ತಕ ತಗದು ಪಕ್ಕಕ್ಕ ಇಟ್ಟು ನೋಡಿದೆ. 2009ರಾಗ ಜೂರಾಲದ ಕ್ವಾರ್ಟರ್ಸ್ ಮ್ಯಾಲ ಇದೇ ದುರ್ಬೀನಿನ ಕನ್ನಡಿಯಾಗ ನೋಡಿದಾಗ ಆ ಎರಡನೇದು ಇತ್ತು. ನೀನೂ ಇದ್ದಿ ಅವತ್ತು. ಹೈವೇ ದೀಪ ದಕ್ಷಿಣಕ್ಕ, ಆಂಡ್ರೊಮಿಡಾ ವಾಯವ್ಯಕ್ಕ. ದೀಪದ ಮ್ಯಾಲ ತಪ್ಪು ಹಾಕಬ್ಯಾಡ. ನೀ ಓರೆನೋಟ ಇಡೋದು ಮರತಿ. ಮಂದ ಬೆಳಕು ನೇರ ನೋಡಿದ್ರ ಅಡಗತೈತಿ. ಬಗಲಿಗೆ ನೋಡು, ತಾನ ಬರತೈತಿ. ಹೊಸಬನಿಗೆ ಹೇಳಿದಂಗ ಹೇಳಾಕತ್ತೀನಿ, ಸಿಟ್ಟಾಗಬ್ಯಾಡ.

ಕಾಣದ್ದು ಬರೀಲಿಲ್ಲ ಅಂದಿ, ಅದು ಸರಿ. ಕಂಡಷ್ಟೇ ಬರಿ. ಗೊತ್ತಿದ್ದದ್ದು ಬರಿಯೋರು ಭಾಳ ಮಂದಿ ಅದಾರ.

ನಾ ಈಗ ಮೆಟ್ಟಲ ಹತ್ತಂಗಿಲ್ಲ. ದುರ್ಬೀನು ನಿನ್ನ ಕೈಗೆ ಕೊಟ್ಟಾಗ ಹೇಳಿದ್ದೆ, ನನ್ನ ಪುಸ್ತಕದಾಗಿನ ನೂರಾಹತ್ತನ್ನೂ ನಿನ್ನ ಕಣ್ಣಿಂದ ಇನ್ನೊಮ್ಮೆ ನೋಡಿ ಹೋಗತೀನಿ ಅಂತ. ನಲವತ್ತೆರಡು ಉಳದಾವ. ಇಲ್ಲಿ ನನಗ ನೋಡಾಕ ಫ್ಯಾನ್ ಒಂದ ಐತಿ.

ಪ್ರಾಸ ಚಲೋ ಇತ್ತು. ಗೆಲಾಕ್ಸಿ ಇನ್ನೂ ಚಲೋ ಇರಬಹುದಿತ್ತು.

ಕರಿಬಸಯ್ಯ


ಮಕ್ತಲ್
14 ಮಾರ್ಚ್ 2024

ಘನ ಅಧ್ಯಕ್ಷರೇ, ಹಾಗೂ ಕುರ್ಚಿ ಸಾಲದೆ ನಿಂತಿರುವ ಅಸಂಖ್ಯ ಶೂನ್ಯರೇ,

ಫೆಬ್ರವರಿಯಲ್ಲಿ ಸಭೆ ಕರೆಯಲಿಲ್ಲ. ಮೋಡ ಇತ್ತು ಎಂದು ನಡಾವಳಿಯಲ್ಲಿ ಬರೆದುಕೊಳ್ಳಿ.

ಈ ಸಲ ಎಂ 51 ಎಂಬ ಜೋಡಿ ಗೆಲಾಕ್ಸಿ. ದೊಡ್ಡ ಸುಳಿ, ಅದರ ಬಾಲಕ್ಕೆ ಅಂಟಿದ ಸಣ್ಣ ಸುಳಿ. ಓರೆನೋಟ ಇಟ್ಟೆ, ಅಯ್ಯಾರ. ಬಲಕ್ಕೆ ಇಟ್ಟೆ, ಎಡಕ್ಕೆ ಇಟ್ಟೆ, ಮೇಲೆ ಕೆಳಗೆ ಇಟ್ಟೆ. ದಾರಿಯಲ್ಲಿ ಯಾರಾದರೂ ನೋಡಿದ್ದರೆ ಮಾಳಿಗೆಯ ಮೇಲೆ ಒಬ್ಬ ಕಥಕ್ಕಳಿ ಆಡುತ್ತಿದ್ದಾನೆ ಅಂದುಕೊಳ್ಳುತ್ತಿದ್ದರು. ಎರಡು ಮಬ್ಬು ಚುಕ್ಕೆ ಕಂಡವು. ಸುಳಿ ಕಾಣಲಿಲ್ಲ, ಎರಡನ್ನೂ ಕೂಡಿಸುವ ಆ ಎಳೆಯೂ ಕಾಣಲಿಲ್ಲ.

ದೊಡ್ಡ ಸುಳಿಯೊಂದು, ಸಣ್ಣ ಸುಳಿಯೊಂದು;
ಕೂಡಿಸೋ ಸೇತುವೆ ಕಾಣದು ಇಂದು.

ಹೇಳಬಾರದೆಂದಿದ್ದೆ, ಹೇಳುತ್ತೇನೆ. ಕನ್ನಡಿ ಸ್ವಲ್ಪ ಮಂಕಾದಂತಿದೆ. ತಪ್ಪು ತಿಳಿಯಬೇಡಿ, ಹದಿನೈದು ವರ್ಷ ಆಯಿತಲ್ಲ, ಗಾಜಿಗೂ ವಯಸ್ಸಾಗುತ್ತದೆ.

ಬೇರೆ ಸುದ್ದಿ: ಮರಿಕಲ್ಲಿನಲ್ಲಿ ಗೊಬ್ಬರದ ಅಂಗಡಿಯ ಗೋಡೆ ಬರೆಯುತ್ತಿದ್ದೆ. ನಿಂತಿದ್ದ ಅಟ್ಟಣಿಗೆಯ ಹಲಗೆಯ ಮೇಲೆ ಎಡಗಾಲ ಹತ್ತಿರವೇ ಇದ್ದ ಕೆಂಪು ಬಣ್ಣದ ಡಬ್ಬಿ ಒದ್ದೆ. ಕೆಳಗೆ ಅಂಗಡಿಯ ಆಂಜನೇಯುಲು ಮದುವೆಗೆ ಹೊರಟು ಬಿಳಿ ಪಂಚೆ ಉಟ್ಟು ನಿಂತಿದ್ದ. ‘ಕಣ್ಣು ನೆತ್ತಿ ಮ್ಯಾಲ ಅದಾವೇನೋ ನಿನಗ?’ ಎಂದ. ತಿಂಗಳಲ್ಲಿ ಹದಿನೈದು ದಿನ ಅಲ್ಲೇ ಇರುತ್ತವೆ ಎಂದೆ. ಉಳಿದ ಅರ್ಧ ಗೋಡೆ ಬೇರೆಯವರಿಗೆ ಹೋಯಿತು.

ತಮ್ಮ
ಕಾಂತೇಶ


ಗದ್ವಾಲ
2 ಏಪ್ರಿಲ್ 2024

ಕಾಂತೇಶ,

ನಿನ್ನ ಕಾಗದ ಬಂದು ಹತ್ತು ದಿನ ಆತು. ಮೂರು ಸಲ ಬರದು ಹರದೀನಿ.

ಕನ್ನಡಿ ಹೆಂಗ ಮಂಕಾತು? ಅರಿವೀಲೆ ಒರಸಿದೇನು? ಒಲಿ ಹತ್ರ ಇಟ್ಟಿದ್ದೇನು? ಇಬ್ಬನಿ ಬಿದ್ದಾಗ ಹಂಗ ಮುಚ್ಚಿದೇನು? ಅದನ್ನ ಭಟ್ಟಿ ಇಳಿಸಿದ ನೀರಾಗ ಇಟ್ಟು, ಹತ್ತೀಲೆ ಭಾರ ಹಾಕದಂಗ ತೊಳಿ. ತೊಳದು ನೋಡಿ ಬರಿ.

ಆ ಗಾಜಿನ ತಟ್ಟಿ ಡ್ರಮ್ಮಿನ ಮ್ಯಾಲಿಟ್ಟು, ಪುಡಿ ಹಾಕಿ ತಿಕ್ಕಿ ಕನ್ನಡಿ ಮಾಡಾಕ ಅದರ ಸುತ್ತ ಹದಿನಾಲ್ಕು ತಿಂಗಳು ತಿರಗೀನಿ. ಡ್ಯೂಟಿ ಮುಗಿಸಿ ಬಂದು ತಿರಗೀನಿ. ಮಂದಿ ನನ್ನ ಎಣ್ಣಿಗಾಣದ ಎತ್ತು ಅಂದ್ರು. ಮನಿ, ಹೊಲ ಎಲ್ಲಾ ಅಪ್ಪ ಮಾಡಿದ್ದು. ನಾ ಮಾಡಿದ್ದು ಅಂತ ಭೂಮಿ ಮ್ಯಾಲ ಇರೋದು ಅದೊಂದ.

ಇನ್ನೊಂದು ಕೇಳ್ತೀನಿ, ಸಿಟ್ಟಾಗಬ್ಯಾಡ. ಡಬ್ಬಿ ಒದ್ದೆ ಅಂದಿ. ನಿನ್ನ ಕಣ್ಣು ಹೆಂಗದಾವ?

ಕರಿಬಸಯ್ಯ


ಮಕ್ತಲ್
12 ಏಪ್ರಿಲ್ 2024

ಅಯ್ಯಾರ, ಶರಣು. ಯುಗಾದಿಯ ಬೇವು ಮುಟ್ಟಿರಬೇಕು. ಬೆಲ್ಲ ಅಂಚೆಯಲ್ಲಿ ಸಿಕ್ಕಿಕೊಂಡಿದೆಯಂತೆ.

ಕಣ್ಣಿನ ಬಗ್ಗೆ ಕೇಳಿದಿರಿ. ನಿಮ್ಮ ನಡುಗುವ ಕೈ ಬರೆದದ್ದನ್ನು ಒಂದಕ್ಷರ ಬಿಡದೆ ಓದಿದ್ದೇನೆ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾವ ಡಾಕ್ಟರೂ ಕೊಡಲಾರ. ಕಣ್ಣು ಚೆನ್ನಾಗಿವೆ.

ನೀವು ಹೇಳಿದಂತೆ ಕನ್ನಡಿ ತೊಳೆದೆ. ಪದ್ಮಶ್ರೀ ಹೆರಿಗೆ ಮನೆಯಲ್ಲಿ ನಿಂತ ಹಾಗೆ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಅಮಾವಾಸ್ಯೆಗೆ ಕನ್ಯಾ ರಾಶಿಯ ಗುಂಪಿಗೆ ದುರ್ಬೀನು ತಿರುಗಿಸಿದೆ. ಒಂದೇ ನೋಟದಲ್ಲಿ ಎಂಟು ಗೆಲಾಕ್ಸಿ ಎಣಿಸುತ್ತಿದ್ದೆವಲ್ಲ, ನೀವು ಎಂಟು ಎಂದರೆ ನಾನು ಒಂಬತ್ತು ಎಂದು ಜಗಳಾಡುತ್ತಿದ್ದೆವಲ್ಲ, ಅಲ್ಲಿಗೇ. ಮೂರು ಚುಕ್ಕಿ ಕಂಡವು. ಗೆಲಾಕ್ಸಿ ಒಂದೂ ಇಲ್ಲ. ಚಿತ್ರ ಕಳಿಸಿದ್ದೇನೆ. ಕುರುಮಯ್ಯನಿಗೆ ಈ ಸಲ ಮಸಿಯೂ ಕಾಣುವುದಿಲ್ಲ.

ದುಂಡಗೆ ಗೆರೆ ಎಳೆದೆ, ಒಳಗೇನೂ ಇಲ್ಲ;
ಕಂಡಷ್ಟೇ ಬರಿ ಎಂದ ಗುರುವೇ ಬಲ್ಲ.

ಕನ್ನಡಿಯೇ ಇರಬೇಕು ಅಯ್ಯಾರ. ಬೇರೆ ಏನೂ ತೋಚುವುದಿಲ್ಲ. ತಡವಾಗಿ ಬರೆಯುತ್ತಿದ್ದೇನೆ, ಕಳೆದ ತಿಂಗಳ ಕೊನೆಗೆ ಬಣ್ಣ ತರಲು ರಾಯಚೂರಿಗೆ ಹೋಗಿದ್ದೆ, ಎರಡು ದಿನ ಅಲ್ಲೇ ಉಳಿದೆ.

ಕಾಂತೇಶ


ಗದ್ವಾಲ
5 ಮೇ 2024

ಕಾಂತೇಶ,

ಬಣ್ಣ ಮಕ್ತಲದಾಗ ಸಿಗಂಗಿಲ್ಲೇನು? ಇರಲಿ.

ನಿನ್ನ ಖಾಲಿ ದುಂಡು ಗ್ವಾಡಿಗೆ ಹಚ್ಚೀನಿ. ಫ್ಯಾನ್ ನೋಡೋದು ಬಿಟ್ಟು ಅದನ್ನ ನೋಡತೀನಿ. ಎಂಟಕ್ಕ ಎಂಟೂ ಹ್ವಾದುವು ಅಂದ್ರ ಸಣ್ಣ ತಪ್ಪಲ್ಲ ಅದು.

ಕನ್ನಡಿ ಬಿಚ್ಚಿ ಇಲ್ಲಿಗೆ ಕಳಸು. ನಮ್ಮ ಯಂಕಣ್ಣನ ಮಗ ಲಕ್ಷ್ಮಣ್ ಜೀಪ್ ಹೊಡೀತಾನ, ನಾರಾಯಣಪೇಟಕ್ಕ ಹೋದಾಗ ನಿನ್ನ ಮನಿಗೆ ಬಂದು ಒಯ್ತಾನ. ತಿರುವು ಬಂದಲ್ಲಿ ಮೆಲ್ಲಕ ಹೊಡಿ ಅಂತ ಅವನಿಗೆ ಹೇಳು. ನಾ ಹೇಳಿದ್ರ ನಾ ಒದರಿದೆ ಅಂತಾನ.

ಕರಿಬಸಯ್ಯ


ಮಕ್ತಲ್
20 ಮೇ 2024

ಅಯ್ಯಾರ,

ಲಕ್ಷ್ಮಣ್ ಬಂದಿದ್ದಾನೆ, ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಕನ್ನಡಿಯನ್ನು ಪದ್ಮಶ್ರೀಯ ಹಳೆ ಸೀರೆಯಲ್ಲಿ ಸುತ್ತಿ ಹಿಟ್ಟಿನ ಡಬ್ಬಿಯೊಳಗೆ ಇಟ್ಟಿದ್ದೇನೆ.

ಕಾಂತೇಶ


ಗದ್ವಾಲ
18 ಜೂನ್ 2024

ಕಾಂತೇಶ,

ಈ ಸಲ ಪ್ರಾಸ ಇರಲಿಲ್ಲ. ಜೀಪ್ ಕಾಯತಿತ್ತು ಅಂತ ತಿಳಕೊಂಡೀನಿ.

ಮೂರು ಸಂಜಿ ಬ್ಲೇಡಿನ ಪರೀಕ್ಷೆ ಮಾಡಿದೆ. ಕನ್ನಡಿ ಮುಂದ ಸಣ್ಣ ದೀಪ ಇಟ್ಟು, ಬೆಳಕು ತಿರುಗಿ ಬಂದು ಕೂಡೋ ಜಾಗದಾಗ ಬ್ಲೇಡಿನ ಅಂಚು ತಂದ್ರ ಗಾಜಿನ ತಪ್ಪೆಲ್ಲ ನೆಳ್ಳಾಗಿ ಮೂಡತೈತಿ, ನಿನಗ ಗೊತ್ತೈತಿ. ಕೈ ನಡಗತೈತಿ ಅಂತ ಬ್ಲೇಡನ್ನ ಕಟಗಿಗೆ ಕಟ್ಟಿ, ಚನ್ನವೀರಿ ಕೈಲೆ ಸರಿಸಿ ನೋಡಿದೆ. ಮೂರು ಸಂಜಿನೂ ನೆಳ್ಳು ಮೊದಲು ಹೆಂಗಿತ್ತೋ ಹಂಗ ಇತ್ತು. ಮ್ಯಾಲಿನ ಹೊಳಪೂ ಹೋಗಿಲ್ಲ. ನನಗ ಅದರಾಗ ಕೂದಲಷ್ಟು ತಪ್ಪು ಕಾಣಲಿಲ್ಲ.

ಬ್ಲೇಡು ಸರಿ ಐತಿ ಅಂತೈತಿ, ನೀ ಇಲ್ಲ ಅಂತಿ. ಹದಿನೈದು ವರ್ಷದಾಗ ನೀ ಕಾಣದ ಒಂದು ಚುಕ್ಕಿ ಬರದಾವಲ್ಲ. ಹಂಗಾರ ಬ್ಲೇಡಿನ ನೆಳ್ಳು ನೋಡೋ ನನ್ನ ಕಣ್ಣ ಮೋಸ ಮಾಡಾಕತ್ತಾವ. ಮೊದಲ ದಿನದಿಂದ್ಲೂ ಮೋಸ ಮಾಡಿದ್ವೋ ಏನೋ. ನಾ ಕೆಟ್ಟ ಕನ್ನಡಿ ಮಾಡಿ, ಚಲೋ ಐತಿ ಅಂತ ನಂಬಿ ಕೂತೆ.

ಗಾಜಿನ ಮ್ಯಾಲಿನ ಹೊಳಪಿನ ಹೊದಿಕಿ ಕರಗಿಸಿ ಮತ್ತ ಪಾಲಿಶ್ ಹಿಡೀಬೇಕು ಅಂತ ಮಾಡೀನಿ. ಕೈಗೆ ಧೈರ್ಯ ಇಲ್ಲ. ಮುಂದಿನ ಅಮಾಸಿತನ ಕಾಯ್ತೀನಿ. ಬ್ಯಾಡ ಅನಸಿದ್ರ ಬ್ಯಾಡ ಅಂತ ಒಂದು ಸಾಲು ಬರಿ. ಒಂದ ಸಾಲು ಸಾಕು.

ಕರಿಬಸಯ್ಯ


ಗದ್ವಾಲ
9 ಜುಲೈ 2024
(ಕಾರ್ಡು)

ಕಾಂತೇಶ, ಅಮಾಸಿ ಆತು. ನಿನ್ನ ಕಾಗದ ಬರಲಿಲ್ಲ. ನಿನ್ನೆ ಹೊದಿಕಿ ತಗದೆ. ಈಗ ಬರೀ ಗಾಜು, ಆಚೆ ಕಡೆ ಕಾಣತೈತಿ. ನಾಳಿಗೆ ಡ್ರಮ್ ತರಸ್ತೀನಿ. — ಕ.


ಮಕ್ತಲ್
20 ಆಗಸ್ಟ್ 2024

ಘನ ಅಧ್ಯಕ್ಷರೇ,

ಶ್ರಾವಣದ ಮೋಡದ ಕಾರಣ ಸಭೆಯನ್ನು ಮುಂದೂಡಲಾಗಿದೆ. ಕಾಗದ ಬರೆಯಲು ತಡವಾಯಿತು. ಕೃಷ್ಣಾ ಮಂಡಲದ ಕಡೆ ಒಂದು ಶಾಲೆಯ ಗೋಡೆ ಸಿಕ್ಕಿತ್ತು, ನೆಲದ ಮೇಲೆ ನಿಂತೇ ಬರೆಯುವಂಥದ್ದು, ಕನ್ನಡದಲ್ಲಿಯೇ. ‘ಜ್ಞಾನವೇ ಬೆಳಕು’ ಎಂದು ಬರೆಯಿಸಿದರು. ಎಡತುದಿಯಲ್ಲಿ ಬಣ್ಣ ಹತ್ತದೆ ಒಂದು ಗೇಣು ಸುಣ್ಣ ಹಾಗೇ ಉಳಿದಿದೆ ಎಂದು ಹೆಡ್‌ಮಾಸ್ತರರು ಆಮೇಲೆ ತೋರಿಸಿದರು.

ಕನ್ನಡಿಗೆ ಅವಸರ ಬೇಡ. ನಿಮ್ಮ ಆರೋಗ್ಯ ನೋಡಿಕೊಳ್ಳಿ.

ಕಾಂತೇಶ


ಗದ್ವಾಲ
12 ನವೆಂಬರ್ 2024

ತಮ್ಮ ಕಾಂತೇಶಗ ಚನ್ನವೀರಮ್ಮ ಮಾಡೋ ಶರಣು.

ಇಷ್ಟು ದಿನ ಲಕೋಟಿ ಮ್ಯಾಲ ಊರ ಹೆಸರು ಬರಿಯೋದಷ್ಟ ನನ್ನ ಕೆಲಸ ಇತ್ತು. ಇವತ್ತು ಒಳಗಿಂದೂ ನಾನ ಬರೀತೀನಿ. ತಪ್ಪಿದ್ರ ತಿದ್ದಿ ಓದ್ಕೊ.

ಅವರು ದಿನಾ ಮುಂಜಾನಿ ಡ್ರಮ್ಮಿನ ಸುತ್ತ ತಿರಗತಿದ್ರು. ಒಂದು ಕೈ ಗಾಜಿನ ಮ್ಯಾಲ, ಒಂದು ಕೈ ನನ್ನ ಹೆಗಲ ಮ್ಯಾಲ. ಮುದುಕಿಗೆ ಈ ವಯಸ್ಸಿನ್ಯಾಗ ಸಪ್ತಪದಿ ಮಾಡಸ್ತೀರೇನು ಅಂತ ನಗತಿದ್ದೆ. ಅವರಿಗೆ ಕೇಳತಿರಲಿಲ್ಲ, ನಾ ನಗೋದು ನೋಡಿ ನಗತಿದ್ರು.

ಗಣಪತಿ ಹಬ್ಬ ಆದ ಮ್ಯಾಲ ಒಂದು ದಿನ ಗಾಜಿನ ಕೆಳಗ ಕರ್ ಕರ್ ಅಂತ ಸಪ್ಪಳ ಬಂತು. ನಾ ಕೇಳಿದೆ. ಕೆಲಸದ ಸಪ್ಪಳ ಇರಬೇಕು ಅಂತ ಸುಮ್ಮಿದ್ದೆ. ನನಗೇನು ಗೊತ್ತು? ಅವರಿಗೆ ಗೊತ್ತಾಗತಿತ್ತು, ಕಿವಿ ಇಲ್ಲ. ತಾಸು ಹೊತ್ತು ಹಂಗ ತಿರಗಿದ್ರು. ಎತ್ತಿ ನೋಡಿದ್ರ ಒರಟು ಪುಡೀದು ಒಂದು ಕಾಳು ಒಳಗ ಸೇರಿ, ಗಾಜಿನ ತುಂಬ ಗೀರು. ಅದನ್ನ ಕಳೀಬೇಕಂತ ಮತ್ತ ಒರಟು ಪುಡಿ ಹಾಕಿದ್ರು, ಅದಕ್ಕೂ ಒರಟು ಹಾಕಿದ್ರು. ದಸರಾಕ್ಕ ಕೈ ಎತ್ತಾಕ ಬರದಂಗ ಆತು. ಈಗದು ಹಾಲಿನ ಕೆನಿ ಕಟ್ಟಿದಂಗ ಬೆಳ್ಳಗ ಆಗೇತಿ. ಬೆಳಕಿಗೆ ಹಿಡಿದ್ರ ಬೆರಳು ಸೈತ ಕಾಣಂಗಿಲ್ಲ. ಮಂಚದ ಕೆಳಗ ಇಟ್ಟೀನಿ.

ದೀಪಾವಳಿ ನೀರು ತುಂಬೋ ಹಬ್ಬದ ದಿನ ಅವರ ಆ ಹಳೇ ಪುಸ್ತಕ, ನೂರಾಹತ್ತು ಚಿತ್ರದ್ದು, ನೀರೊಲಿಗೆ ಹಾಕಿದ್ರು. ಕೆಟ್ಟ ಕನ್ನಡಿಯಾಗ ನೋಡಿದ್ದು, ಎಲ್ಲಾ ಸುಳ್ಳು ಅಂದ್ರು. ನಾ ಹಿಂದಿನ ಮನಿಯಾಗ ಇದ್ದೆ. ಬರೋದ್ರಾಗ ಆಗಿತ್ತು. ನಿನ್ನ ಚಿತ್ರ ಮಾತ್ರ ಸುಟ್ಟಿಲ್ಲ. ಅವನ್ನ ತಲಿದಿಂಬಿನ ಕೆಳಗ ಇಟ್ಕೊಂಡಾರ. ‘ಇವು ಇರಲಿ, ಕಾಂತೇಶ ಕಂಡಷ್ಟೇ ಬರೀತಾನ’ ಅಂದ್ರು.

ಈಗ ಎರಡು ತುತ್ತಿನ ಮ್ಯಾಲ ಉಣ್ಣಂಗಿಲ್ಲ. ನಿನ್ನೆ ನನ್ನ ಕರದು, ಕಾಗದ ಬರಿ ಅಂದ್ರು. ಅವರು ಹೇಳಿದ್ದು ಹೇಳಿದಂಗ ಬರೀತೀನಿ: ‘ಕಾಂತೇಶ, ನಿನ್ನ ಹದಿನೈದು ವರ್ಷದ ರಾತ್ರಿ ನಾ ಹಾಳು ಮಾಡಿದೆ. ಕೆಟ್ಟ ಗಾಜು ಕೊಟ್ಟು ನೋಡು ನೋಡು ಅಂದೆ. ಓರೆನೋಟ ಇಡಾಕ ಬರಂಗಿಲ್ಲ ನಿನಗ ಅಂತ ಬೈದೆ. ಹೊಟ್ಟ್ಯಾಗ ಹಾಕ್ಕೊ.’

ಇಷ್ಟ. ನೀ ಒಮ್ಮೆ ಬಂದು ಹೋಗಪ್ಪ. ನೀ ಅಂದ್ರ ಕೇಳ್ತಾರ.

ಚನ್ನವೀರಮ್ಮ


ಮಕ್ತಲ್
2 ಡಿಸೆಂಬರ್ 2024

ಅಖಿಲ ಮಕ್ತಲ್–ಗದ್ವಾಲ ನಕ್ಷತ್ರ ಮಹಾಸಭೆಯ ಘನ ಅಧ್ಯಕ್ಷರೇ, ವೇದಿಕೆ ಇದ್ದಿದ್ದರೆ

ಆಗುವುದಿಲ್ಲ ಅಯ್ಯಾರ. ಹತ್ತು ದಿನದಿಂದ ಈ ಸಾಲಿಗೇ ನಿಂತಿದ್ದೇನೆ. ಇದರ ಮುಂದೆ ನಗೆ ಬರುತ್ತಿಲ್ಲ.

ಅಕ್ಕ ಬಾ ಎಂದು ಬರೆದಿದ್ದಾರೆ. ನಿನ್ನೆ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಗದ್ವಾಲದ ಬಸ್ಸು ಬಿಟ್ಟು ಮನೆಗೆ ಬಂದೆ. ಎದುರು ನಿಂತು ಹೇಳಬೇಕಾದರೆ ಕೂಗಿ ಹೇಳಬೇಕು. ಇದನ್ನು ಕೂಗಿ ಹೇಳುವ ಗಂಟಲು ನನಗಿಲ್ಲ.

ಇದರೊಳಗೆ ಒಂದು ಕಾಗದ ಇಟ್ಟಿದ್ದೇನೆ. ನೋಡಿದರೆ ನನ್ನ ಚಿತ್ರದ ಹಾಗೆಯೇ ಇದೆ: ಒಂದು ದುಂಡು, ಅದರ ತುಂಬ ಕಪ್ಪು ಬೂದು ಮಚ್ಚೆ. ಇದನ್ನು ನಾನು ಬರೆದದ್ದಲ್ಲ. ರಾಯಚೂರಿನ ಕಣ್ಣಿನ ಡಾಕ್ಟರ ಯಂತ್ರ ಬರೆದದ್ದು. ಬಿಳಿ ಬೋಗುಣಿಯಂಥದ್ದರೊಳಗೆ ಮುಖ ಇಡಿಸುತ್ತಾರೆ. ನಡುವಿನ ದೀಪ ಬಿಟ್ಟು ಕಣ್ಣು ಸರಿಸಬಾರದು. ಸುತ್ತ ಅಲ್ಲೊಂದು ಇಲ್ಲೊಂದು ಸಣ್ಣ ಬೆಳಕು ಮಿಣುಕುತ್ತದೆ; ಕಂಡಾಗ ಗುಂಡಿ ಒತ್ತಬೇಕು. ನಮ್ಮದೇ ಕೆಲಸ. ನಾನು ಹುಮ್ಮಸ್ಸಿನಿಂದ ಕೂತೆ. ಬಹಳ ಹೊತ್ತು ಏನೂ ಬರಲಿಲ್ಲ. ಯಂತ್ರ ಕೆಟ್ಟಿದೆಯೇನೋ ಎಂದು ಕೇಳಿದೆ. ಅಲ್ಲಿಯ ಹುಡುಗಿ, ‘ಇಲ್ರೀ, ನಡದೈತಿ, ನೀವು ಒತ್ತವಲ್ರಿ’ ಎಂದಳು. ಆಮೇಲೆ ಹೆದರಿ ಕಾಣದ ಬೆಳಕಿಗೂ ಒತ್ತಿದೆ. ಹದಿನೈದು ವರ್ಷದಲ್ಲಿ ಕಾಣದ್ದನ್ನು ಕಂಡೆ ಎಂದದ್ದು ಅದೇ ಮೊದಲು. ಯಂತ್ರ ಅದನ್ನೂ ಹಿಡಿದು ಕೆಳಗೆ ಬರೆದಿದೆ.

ಗ್ಲಾಕೋಮಾ ಎಂದರು. ಎರಡೂ ಕಣ್ಣು. ನಡುವಿನದು ಉಳಿದಿದೆ, ಅದಕ್ಕೇ ನಿಮ್ಮ ಅಕ್ಷರ ಓದುತ್ತೇನೆ. ಸುತ್ತಲಿನದು ಹೋಗಿದೆ, ಓರೆನೋಟ ಇಡುವ ಜಾಗವೇ ಹೋಗಿದೆ. ಹೋದದ್ದು ಬರುವುದಿಲ್ಲ, ಉಳಿದದ್ದಕ್ಕೆ ದಿನಾ ಹನಿ ಹಾಕಬೇಕು. ಈ ಚಿತ್ರದಲ್ಲಿ ಕಪ್ಪಾದದ್ದು ಬೆಳಕಲ್ಲ ಅಯ್ಯಾರ.

ಯಾಕೆ ಹೇಳಲಿಲ್ಲ ಎಂದು ಕೇಳುತ್ತೀರಿ. ಕಣ್ಣಿಲ್ಲದವನನ್ನು ಯಾರೂ ಹಲಗೆಯ ಮೇಲೆ ಹತ್ತಿಸುವುದಿಲ್ಲ, ಅದು ಒಂದು. ಪದ್ಮಶ್ರೀಗೂ ಹೇಳಿರಲಿಲ್ಲ, ಹನಿಯ ಸೀಸೆಯನ್ನು ಬ್ರಷ್ಷಿನ ಡಬ್ಬಿಯಲ್ಲಿ ಇಡುತ್ತಿದ್ದೆ. ಆದರೆ ಅದಲ್ಲ. ಹೇಳಿದರೆ ನೀವು ದುರ್ಬೀನನ್ನು ಕಣ್ಣಿರುವ ಇನ್ನೊಬ್ಬನಿಗೆ ಕೊಡುತ್ತಿದ್ದಿರಿ, ಅವನು ನಲವತ್ತೆರಡನ್ನೂ ಬರೆದು ಕಳಿಸುತ್ತಿದ್ದ, ನೀವು ಅವನಿಗೆ ಕಾಗದ ಬರೆಯುತ್ತಿದ್ದಿರಿ. ಅದನ್ನು ತಡೆಯಲಾಗಲಿಲ್ಲ. ಕನ್ನಡಿ ಮಂಕು ಎಂದರೆ ಇನ್ನೊಂದು ತಿಂಗಳು ನಿಮ್ಮ ಕಾಗದ ಬರುತ್ತಿತ್ತು. ಡಬ್ಬಿ ಜೀಪಿಗೆ ಏರಿದ ದಿನ ನಾನು ನೆಮ್ಮದಿಯಾಗಿ ಮಲಗಿದೆ, ಇನ್ನು ಮಾಳಿಗೆ ಹತ್ತಿ ಏನೂ ಕಾಣದೆ ಕೂರಬೇಕಿಲ್ಲವಲ್ಲ ಎಂದು.

ಬ್ಯಾಡ ಅಂತ ಒಂದು ಸಾಲು ಕೇಳಿದ್ದಿರಿ. ಬರೆದಿದ್ದೆ. ನಾಲ್ಕು ಸಲ ಬರೆದೆ. ಬ್ಯಾಡ ಎಂದರೆ ಯಾಕೆ ಬ್ಯಾಡ ಎಂದು ಕೇಳುತ್ತಿದ್ದಿರಿ.

ಹದಿನೈದು ವರ್ಷ ಚಿತ್ರದಲ್ಲಿ ನಾನು ಒಂದು ಚುಕ್ಕಿ ಸುಳ್ಳು ಹಾಕಲಿಲ್ಲ, ಅಕ್ಕ ಹೇಳಿದ ಮಾತು ಅಷ್ಟರ ಮಟ್ಟಿಗೆ ನಿಜ. ಸುಳ್ಳೆಲ್ಲ ಕಾಗದದಲ್ಲಿ, ಪ್ರಾಸ ಹಾಕಿ ಹೇಳಿದೆ. ನೀವು ಸುಟ್ಟ ಪುಸ್ತಕದ ನೂರಾಹತ್ತೂ ಅಲ್ಲಿದ್ದವು. ಎಂಟನೆಯದೂ ಇತ್ತು, ನಾನು ಒಂಬತ್ತು ಎಂದು ಜಗಳಾಡಿದ್ದೂ ಇತ್ತು.

ಕನ್ನಡಿ ಸರಿಯಿತ್ತು. ಬ್ಲೇಡು ಮೂರು ಸಂಜೆಯೂ ಖರೆ ಹೇಳಿತು.

ಒಳಗಿಟ್ಟ ಕಾಗದದ ಮೂಲೆಯಲ್ಲಿ ತಾರೀಖಿದೆ, ನೋಡಿ: 28 ಮಾರ್ಚ್. ನಿನ್ನ ಕಣ್ಣು ಹೆಂಗದಾವ ಎಂದು ನೀವು ಬರೆದ ಕಾಗದ ನಾನು ಓದುವಾಗ ಅದು ನನ್ನ ಜೇಬಿನಲ್ಲಿಯೇ ಇತ್ತು.